ದ್ವೀಪದಲ್ಲಿ ಸಮುದ್ರವನ್ನು ಹುಡುಕಿದ್ದು

ಹರಿಹರದ ಮೆಟ್ಟಿಲುಗಳಿಂದ

ಸುತ್ತಲೂ ನೀರಿನಿಂದ ಆವೃತವಾದ ಭೂಭಾಗಕ್ಕೆ ದ್ವೀಪವೆಂದು ಹೆಸರು. ಈ ಲಕ್ಷಣವನ್ನು ಪಾಠಶಾಲೆಯ ಮಕ್ಕಳ ಬಾಯಲ್ಲಿ ತಲೆಮಾರುಗಟ್ಟಲೆ ಹೇಳಿಸಿದವನು ನಾನು. ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಬಹ್ರೈನಿಗೆ ಹೋಗಿ ಬಂದ ಮೇಲೆ ಆ ಮಕ್ಕಳಲ್ಲಿ ಯಾರಾದರೂ ಎದುರಾದರೆ ನಾನೇ ಬೆಂಚು ಹುಡುಕಿಕೊಳ್ಳುವುದು ನ್ಯಾಯ. ಲಕ್ಷಣವೇನೋ ಸರಿಯೇ. ಆದರೆ ಆ ನೀರಿನ ಬಳಿಗೆ ಹೋಗಲು ದಾರಿ ಇರುತ್ತದೆಂದು ಲಕ್ಷಣದಲ್ಲಿ ಎಲ್ಲಿಯೂ ಹೇಳಿಲ್ಲವೆಂಬುದು ಎಪ್ಪತ್ತು ದಾಟಿದ ಮೇಲೆ ನನಗೆ ಹೊಳೆಯಿತು.

ಪ್ರಯಾಣದ ಮೂಲದಲ್ಲಿ ನನ್ನ ಮನೆಯಾಕೆಯ ಒಂದು ವ್ರತವಿದೆ. ಮಗಳು ಜಾಹ್ನವಿಗೆ ಮದುವೆಯಾಗಿ ಬಹುಕಾಲ ಮಕ್ಕಳಾಗದಿದ್ದಾಗ, ಹನ್ನೆರಡು ಮಾಘಮಾಸ ತುಂಗಭದ್ರೆಯಲ್ಲಿ ಸೂರ್ಯೋದಯಕ್ಕೆ ಮುನ್ನ ಸ್ನಾನ ಮಾಡುವೆನೆಂದು ಆಕೆ ಹರಿಹರೇಶ್ವರನ ಮುಂದೆ ಹೇಳಿಕೊಂಡಳು. ಈ ಮಹಾಕಾರ್ಯದಲ್ಲಿ ನನ್ನ ಪಾಲು ಒಣಸೀರೆಯನ್ನೂ ಶಾಲನ್ನೂ ಹಿಡಿದುಕೊಂಡು ಮೆಟ್ಟಿಲಿನ ಮೇಲೆ ನಿಲ್ಲುವುದಷ್ಟೇ. ಅದನ್ನೂ ಸುಮ್ಮನೆ ಮಾಡಿದವನಲ್ಲ. ಚಳಿಗೆ ಕಾಲು ಬದಲಿಸುತ್ತ, “ಆಯಿತೇನೇ? ಬೇಗ ಮೇಲೆ ಬಾ” ಎಂದು ಗೊಣಗುವುದು ನನ್ನ ಮಾಘದ ನಿತ್ಯಪಾರಾಯಣವಾಗಿತ್ತು. ಆಕೆ ನೀರಿನಿಂದ ತಲೆಯೆತ್ತಿ “ಇನ್ನೊಂದು ಮುಳುಗು” ಎನ್ನುವಳು. ಆ ಇನ್ನೊಂದು ಎಂದೂ ಒಂದಕ್ಕೆ ಮುಗಿದದ್ದಿಲ್ಲ.

ಸ್ನಾನಕ್ಕೆ ಮುನ್ನ ಏಳು ಪುಣ್ಯನದಿಗಳನ್ನು ಹೆಸರು ಹಿಡಿದು ನೀರಿಗೆ ಕರೆಯುವುದು ಪದ್ಧತಿ. ಆಕೆ ಏಳರ ಕೊನೆಗೆ ತುಂಗಭದ್ರೆಯನ್ನೂ ಸೇರಿಸಿಬಿಡುತ್ತಿದ್ದಳು. ಶ್ಲೋಕದ ಛಂದಸ್ಸಿನಲ್ಲಿ ಎಂಟನೆಯ ನದಿಗೆ ಸ್ಥಳವಿಲ್ಲವೆಂದು ನಾನು ಮೆಟ್ಟಿಲಿನ ಮೇಲಿಂದಲೇ ತಿದ್ದಿದೆ. “ಇದ್ದೂರಿನವಳನ್ನ ಬಿಟ್ಟು ದೂರದವರನ್ನ ಕರೆದರೆ ಚೆನ್ನಾಗಿರತ್ತಾ?” ಎಂದಳು. ಛಂದಸ್ಸು ಅಂದಿನಿಂದ ಪ್ರತಿ ಮಾಘದಲ್ಲಿಯೂ ಕೆಟ್ಟೇ ಹೋಯಿತು.

ಹನ್ನೊಂದು ಮಾಘಗಳು ಆದವು. ಹನ್ನೆರಡನೆಯದು ಬರುವ ಮುನ್ನ ಆಕೆ ಹೊರಟುಹೋದಳು. ಆ ವರ್ಷ ಪುಷ್ಯದ ಹುಣ್ಣಿಮೆಗೆ ಮಾಘಸ್ನಾನ ತೊಡಗುವ ಮುನ್ನ ಬಹ್ರೈನಿನಿಂದ ಫೋನು ಬಂತು: ಜಾಹ್ನವಿಗೆ ಹೆಣ್ಣುಮಗು. ದೇವರು ವ್ರತ ಪೂರ್ತಿಯಾಗುವ ಮೊದಲೇ ಫಲ ಕೊಟ್ಟುಬಿಟ್ಟಿದ್ದ. ಬಾಕಿ ನಮ್ಮ ಕಡೆ ಉಳಿಯಿತು. ಹನ್ನೆರಡನೆಯ ಮಾಘವನ್ನು ಆಕೆಯ ಹೆಸರಿನಲ್ಲಿ ನಾನೇ ಮಾಡುವುದೆಂದು ಸಂಕಲ್ಪಿಸಿ, ಮೆಟ್ಟಿಲು ಬಿಟ್ಟು ಮೊದಲ ಬಾರಿಗೆ ನೀರಿಗೆ ಇಳಿದೆ. ನೀರು ಎಷ್ಟು ತಣ್ಣಗಿರುತ್ತದೆಂಬುದು ಮೆಟ್ಟಿಲಿನ ಮೇಲೆ ನಿಂತವನಿಗೆ ತಿಳಿಯುವುದಿಲ್ಲ.

ಸ್ನಾನದ ಮಾಸದ ನಡುವೆ ವೀಸಾ ಬಂತು. ಅಷ್ಟರಲ್ಲಿ ಮಗಳ ಮನೆಯ ಪುರುಡು ಕಳೆದು ಮಗುವಿಗೆ ಹೆಸರೂ ಆಗಿತ್ತು. ನಾನು ಸೂಚಿಸಿದ್ದ ಹೆಸರುಗಳನ್ನೆಲ್ಲ ವಿನಯಪೂರ್ವಕವಾಗಿ ಬದಿಗಿಡಲಾಗಿತ್ತು. ಹೊರಡುವ ಮುನ್ನ ನೆರೆಯವರು, ಮಾಘದ ಹುಣ್ಣಿಮೆಯ ಕೊನೆಯ ಸ್ನಾನಕ್ಕೇನು ಮಾಡುತ್ತೀರೆಂದು ಕೇಳಿದರು. ನಡುವಿನ ದಿನಗಳಿಗೆ ನಲ್ಲಿಯ ನೀರಿನಲ್ಲಿಯೇ ತೀರ್ಥಗಳನ್ನು ಆವಾಹಿಸಿಕೊಳ್ಳುವ ರಿಯಾಯಿತಿ ಉಂಟು. ಹುಣ್ಣಿಮೆಗೆ ಮಾತ್ರ ಆಕೆ ರಿಯಾಯಿತಿ ಒಪ್ಪುತ್ತಿರಲಿಲ್ಲ. ಆಕಾಶದ ಕೆಳಗೆ, ಸೂರ್ಯ ಹುಟ್ಟುವ ಮೊದಲು, ಮನುಷ್ಯರು ತುಂಬಿಸಿಡದ ನೀರಿನಲ್ಲಿ ಎಂಬುದು ಆಕೆಯ ಶಾಸ್ತ್ರ. ನಾನು ನಕ್ಕು ಹೇಳಿದೆ: “ಹೋಗುತ್ತಿರುವುದು ದ್ವೀಪಕ್ಕೆ. ಯಾವ ದಿಕ್ಕಿಗೆ ನಡೆದರೂ ಸಮುದ್ರ. ಪರ್ವದಿನವಾದ್ದರಿಂದ ಸಮುದ್ರಸ್ನಾನಕ್ಕೆ ಅಡ್ಡಿಯೂ ಇಲ್ಲ.”

ಆದರೂ ಇರಲಿ ಎಂದು ಒಂದು ತಂಬಿಗೆ ತುಂಗಭದ್ರೆಯನ್ನು ಬಾಯಿಕಟ್ಟಿ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ತಪಾಸಣೆಯವರು, ಇಷ್ಟು ನೀರನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ, ಡಬ್ಬಕ್ಕೆ ಸುರಿಯಿರಿ ಎಂದರು. ನದಿಯನ್ನು ಕಸದ ಡಬ್ಬಕ್ಕೆ ಸುರಿಯುವುದು ನನ್ನಿಂದಾಗಲಿಲ್ಲ. ಸಾಲಿನಲ್ಲಿ ನಿಂತವರ ಮೇಲೆ ತುಸು ಪ್ರೋಕ್ಷಿಸಿ, ಉಳಿದುದನ್ನು ಅಲ್ಲಿಯೇ ನಿಂತು ಕುಡಿದೆ. ಅದರ ಫಲವಾಗಿ ಅರಬ್ಬಿ ಸಮುದ್ರವನ್ನು ಆಕಾಶದಿಂದ ನೋಡುವ ಯೋಗ ನನಗೆ ಒದಗಲಿಲ್ಲ. ವಿಮಾನದಲ್ಲಿ ಹೆಚ್ಚಿನ ಕಾಲವನ್ನು ಅದರ ಹಿಂಭಾಗದ ಸಣ್ಣ ಕೋಣೆಯ ಬಾಗಿಲಿನ ಮುಂದೆ ಸರದಿಯಲ್ಲಿ ಕಳೆದೆ.

ಗುಫೂಲ್: ನಲ್ಲಿಯ ಮೀಮಾಂಸೆ

ಮಗಳ ಮನೆ ಇರುವುದು ಮನಾಮಾ ನಗರದ ಗುಫೂಲಿನಲ್ಲಿ, ಐದು ಅಂತಸ್ತಿನ ಕಟ್ಟಡವೊಂದರ ಮೇಲೆ. ಅಕ್ಕಪಕ್ಕದ ಬಾಗಿಲುಗಳ ಹಿಂದಿನಿಂದ ತುಳು, ಕೊಂಕಣಿ, ಮಲಯಾಳ, ಉರ್ದು ಎಲ್ಲವೂ ಒಗ್ಗರಣೆಯ ವಾಸನೆಯೊಡನೆ ಬೆರೆತು ಬರುತ್ತವೆ. ಮಗುವನ್ನು ನನ್ನ ತೊಡೆಯ ಮೇಲೆ ಇಟ್ಟಾಗ ಅದು ನನ್ನ ಗಡ್ಡವನ್ನು ಕ್ಷಣಕಾಲ ಪರೀಕ್ಷಿಸಿ ಅಳತೊಡಗಿತು. ವಿದ್ವತ್ಪರೀಕ್ಷೆಗಳಲ್ಲಿ ಇಂತಹ ಶೀಘ್ರ ತೀರ್ಪನ್ನು ನಾನು ಕಂಡಿರಲಿಲ್ಲ.

ಅಳಿಯಂದಿರು ರಘುನಂದನರು ದಾವಣಗೆರೆಯ ಕಡೆಯವರು, ಎಂಜಿನಿಯರು. ಸಮುದ್ರದ ನೀರಿನಿಂದ ಉಪ್ಪು ತೆಗೆದು ಊರಿಗೆ ಕುಡಿಯುವ ನೀರು ಕೊಡುವ ಸ್ಥಾವರವೊಂದರಲ್ಲಿ ಅವರ ಕೆಲಸ. ನನ್ನ ಹುಣ್ಣಿಮೆಯ ಚಿಂತೆಯನ್ನು ಕೇಳಿ ಅವರು ಬಹಳ ಸಮಾಧಾನದಿಂದ ಹೇಳಿದರು:

“ಮಾವ, ನೀವು ಸುಮ್ನೆ ಟೆನ್ಷನ್ ತಗೋತಿದೀರಿ. ಈ ನಲ್ಲೀಲಿ ಬರೋದು ಸಮುದ್ರಾನೇ. ನಾವು ಉಪ್ಪು ತೆಗೆದು ಕಳಿಸ್ತೀವಿ, ಅಷ್ಟೇ. ಬಾತ್‌ರೂಮಲ್ಲಿ ಷವರ್ ಕೆಳಗೆ ನಿಂತ್ರೆ ಸಮುದ್ರಸ್ನಾನ ಆದ ಹಾಗೇ.”

ಈ ಪೂರ್ವಪಕ್ಷಕ್ಕೆ ಉತ್ತರ ಹೊಳೆಯಲು ನನಗೆ ಒಂದಿಡೀ ದಿನ ಬೇಕಾಯಿತು. ಮರುದಿನ ಊಟದ ಹೊತ್ತಿನಲ್ಲಿ, ಉಪ್ಪನ್ನು ಯಾವ ಕ್ರಮದಿಂದ ತೆಗೆಯುತ್ತೀರೆಂದು ಕೇಳಿದೆ. ಕುದಿಸಿ, ಆವಿ ಮಾಡಿ, ಮತ್ತೆ ತಣಿಸುವುದೆಂದರು. ಅಲ್ಲಿಗೆ ಅದು ಕಾಯಿಸಿದ ನೀರಾಯಿತೆಂದೂ, ವ್ರತಸ್ನಾನಕ್ಕೆ ಕಾಯಿಸಿದ ನೀರು ಒದಗದೆಂದೂ ನಾನು ಸಿದ್ಧಾಂತ ಮಾಡಿ, ಗೆದ್ದವನ ಠೀವಿಯಿಂದ ಮಜ್ಜಿಗೆಗೆ ಕೈಯೊಡ್ಡಿದೆ.

“ಮಳೆನೂ ಹಾಗೇ ಅಲ್ವಾ ಮಾವ?” ಎಂದರು ಅಳಿಯಂದಿರು. “ಸೂರ್ಯ ಕಾಯಿಸ್ತಾನೆ, ಆವಿ ಆಗತ್ತೆ, ಮೇಲೆ ಹೋಗಿ ತಣ್ಣಗಾಗಿ ಬೀಳತ್ತೆ. ಹಂಗ್ ನೋಡಿದ್ರೆ ನಿಮ್ಮ ತುಂಗಭದ್ರೆನೂ ಕಾಯಿಸಿದ ನೀರೇ.”

ಮಗುವಿಗೆ ಹಾಲು ಕುಡಿಸುತ್ತಿದ್ದ ಜಾಹ್ನವಿ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಕ್ಕೆ ಹೋದಳು. ವಾದದಲ್ಲಿ ಸೋತ ಪಂಡಿತರು ಪರಂಪರೆಯಿಂದ ಮಾಡುತ್ತ ಬಂದುದನ್ನೇ ನಾನೂ ಮಾಡಿದೆ. ಜಪಕ್ಕೆ ಹೊತ್ತಾಯಿತೆಂದು ಎದ್ದೆ.

ಆದರೆ ಸಂಜೆ ಮಗಳು ನನ್ನ ಬಳಿ ಬಂದು ಕುಳಿತಳು. ಆಕೆಯ ಮುಖದಲ್ಲಿ ನಗುವಿರಲಿಲ್ಲ. “ಅಪ್ಪಾ, ಅವರು ತಮಾಷೆ ಮಾಡ್ತಾರೆ, ಮಾಡ್ಲಿ. ಅಮ್ಮ ಆ ಚಳೀಲಿ ಮುಳುಗಿದ್ದು ನನಗೋಸ್ಕರ. ಇದೊಂದು ಸ್ನಾನ ಉಳಿದುಬಿಟ್ರೆ, ಮಗು ಮುಖ ನೋಡಿದಾಗೆಲ್ಲಾ ನಂಗೆ ಅದೇ ಚುಚ್ಚತ್ತೆ. ಎಲ್ಲಾದ್ರೂ ಸಮುದ್ರ ಇರತ್ತೆ, ಹುಡುಕು” ಎಂದಳು.

ದ್ವೀಪದಲ್ಲಿ ಕುಳಿತು ಎಲ್ಲಾದರೂ ಸಮುದ್ರ ಇರುತ್ತದೆ ಎಂದು ಆಕೆ ಹೇಳಿದ್ದು ನನಗೆ ಆಗ ವಿಚಿತ್ರವಾಗಿ ಕೇಳಿಸಿತು.

ಸೀಫ್

ಸಮುದ್ರ ಯಾವ ಕಡೆ ಎಂದು ಕೇಳಿದಾಗ ಅಳಿಯಂದಿರು ಸೀಫ್ ಎಂಬ ಬಡಾವಣೆಯ ಕಡೆಗೆ ಕೈತೋರಿಸಿ, ರಜೆಯ ದಿನ ಕಾರಿನಲ್ಲಿ ಕರೆದೊಯ್ಯುವುದಾಗಿ ಹೇಳಿದ್ದರು. ಕಾಲು ಗಟ್ಟಿಯಾಗಿರುವಾಗ ಕಾರೇಕೆ ಎಂಬ ಅಹಂಕಾರದಿಂದ ನಾನು ಮರುದಿನ ಬೆಳಗಾಗುತ್ತಲೇ, ಹುಣ್ಣಿಮೆಗೆ ಸ್ಥಳ ಗೊತ್ತುಮಾಡಿ ಬರೋಣವೆಂದು, ಪಂಚೆಯುಟ್ಟು, ಶಾಲು ಹೊದ್ದು, ತಂಬಿಗೆ ಹಿಡಿದು ಹೊರಟೆ.

ಈ ಊರಿನಲ್ಲಿ ಮನುಷ್ಯರು ನಡೆಯುವುದಿಲ್ಲ. ರಸ್ತೆಗಳು ನಮ್ಮ ಹೊಳೆಯಷ್ಟು ಅಗಲ, ಕಾರುಗಳ ಪ್ರವಾಹಕ್ಕೆ ಮಾತ್ರ ಬಿಡುವಿಲ್ಲ. ತಂಬಿಗೆ ಹಿಡಿದ ಮುದುಕನೊಬ್ಬ ಅಂಚಿನಲ್ಲಿ ನಡೆಯುವುದನ್ನು ಕಂಡು ಕಾರುಗಳು ನಿಧಾನವಾಗುತ್ತಿದ್ದವು. ಬಿಳಿಯ ನಿಲುವಂಗಿಯ ಒಬ್ಬ ಸದ್ಗೃಹಸ್ಥರಂತೂ ಗಾಜಿಳಿಸಿ, ನಿಮ್ಮ ಗಾಡಿ ಕೆಟ್ಟಿತೇ ಎಂಬ ಅರ್ಥದಲ್ಲಿ ವಿಚಾರಿಸಿದರು. ಗಾಡಿಯೇ ಇಲ್ಲದೆ ಒಬ್ಬನು ರಸ್ತೆಯಲ್ಲಿರುವನೆಂಬುದು ಅವರಿಗೆ ತೋಚಲಿಲ್ಲ.

ಕೊನೆಗೆ ಸೀಫ್ ಸಿಕ್ಕಿತು. ಸಮುದ್ರ ಸಿಗಲಿಲ್ಲ. ಅದು ಇರಬೇಕಾದ ಕಡೆಯಲ್ಲಿ ಬ್ಯಾಂಕುಗಳು, ಗಾಜಿನ ಗೋಪುರಗಳು, ನಮ್ಮ ಊರಿನ ತೇರುಬೀದಿಗಳನ್ನೆಲ್ಲ ಒಳಗಿಟ್ಟುಕೊಳ್ಳಬಲ್ಲ ಮಾಲುಗಳು ನಿಂತಿದ್ದವು. ಅವುಗಳ ಹಿಂದೆ ಹೋದರೆ ತಗಡಿನ ಬೇಲಿ, ಬೇಲಿಯ ಸಂದಿಯಿಂದ ನೋಡಿದರೆ ಲಾರಿಗಳು ಸುರಿದ ಮಣ್ಣಿನ ಬಯಲು. ಉಪ್ಪಿನ ವಾಸನೆ ಮಾತ್ರ ಎಲ್ಲಿಂದಲೋ ಬರುತ್ತಿತ್ತು.

ಮಾಲಿನ ಕಾವಲಿನವನು ನನ್ನನ್ನೂ ತಂಬಿಗೆಯನ್ನೂ ನೋಡಿ ನನ್ನ ಅಗತ್ಯವನ್ನು ತನ್ನದೇ ರೀತಿಯಲ್ಲಿ ಊಹಿಸಿಕೊಂಡು, ಬಾಗಿಲು ತೆರೆಯುವ ಹೊತ್ತಾಗಿಲ್ಲವಾದರೂ ವಯಸ್ಸಾದವರೆಂದು ಒಳಗೆ ಬಿಡುವೆನೆಂದೂ, ಎಡಕ್ಕೆ ತಿರುಗಿದರೆ ಶೌಚಾಲಯವಿದೆಯೆಂದೂ ಕರುಣೆಯಿಂದ ಹೇಳಿದನು. ಸಮುದ್ರರಾಜನನ್ನು ಅರಸಿ ಹೋದ ನನಗೆ ದೊರೆತ ಆತಿಥ್ಯ ಇದು. ನಡೆದದ್ದು ಬಹಳವಾಗಿದ್ದರಿಂದ, ಸತ್ಯವನ್ನು ಮುಚ್ಚಿಡುವುದೇಕೆ, ಅದನ್ನು ಸ್ವೀಕರಿಸಿದೆ.

ಹಿಂದಿರುಗಿದಾಗ ಕಟ್ಟಡದ ಬಾಗಿಲಲ್ಲಿ ಅದರ ಯಜಮಾನರು ಕುಳಿತಿದ್ದರು. ನೆಲದ ಅಂತಸ್ತಿನಲ್ಲಿ ಅವರ ವಾಸ. ಬೆಳಗ್ಗೆ ಒಂದು ಹೂಜಿ ಕಾಫಿ, ಒಂದು ತಟ್ಟೆ ಖರ್ಜೂರ ಇಟ್ಟುಕೊಂಡು ಹೋಗಿಬರುವವರನ್ನು ಮಾತನಾಡಿಸುವುದು ಅವರ ನಿತ್ಯವ್ರತ. ಅಬೂ ಯೂಸುಫ್, ಎಂದರೆ ಯೂಸುಫನ ತಂದೆ, ಎಂದು ಎಲ್ಲರೂ ಕರೆಯುತ್ತಾರೆ. ಅವರ ತಂದೆ ಮುತ್ತುಗಳನ್ನು ಬೊಂಬಾಯಿಗೆ ಒಯ್ದು ಮಾರುತ್ತಿದ್ದರಂತೆ. ಹೀಗಾಗಿ ಇವರ ಬಾಲ್ಯದ ಕೆಲವು ವರ್ಷಗಳು ಅಲ್ಲಿ ಕಳೆದು, ಬೊಂಬಾಯಿಯ ಹಿಂದಿ ನಾಲಗೆಯ ಮೇಲೆ ಹಾಗೆಯೇ ಉಳಿದಿತ್ತು. ನನ್ನ ಹಿಂದಿಯಾದರೋ ಸಂಸ್ಕೃತದ ಕೊನೆಗೆ ‘ಹೈ’ ಸೇರಿಸಿದ್ದು. ನನಗೆ ಸಮುದ್ರದರ್ಶನದ ಅಭಿಲಾಷೆ ಇದೆಯೆಂದು ನಾನು ವಿಸ್ತಾರವಾಗಿ ನಿವೇದಿಸಿದಾಗ ಅವರು ಒಂದು ಲೋಟ ನೀರು ತರಿಸಿದರು.

ವಿಷಯ ತಿಳಿದ ಮೇಲೆ ಬಹಳ ಹೊತ್ತು ನಕ್ಕರು. ಸೀಫ್ ಎಂದರೆ ಅವರ ಭಾಷೆಯಲ್ಲಿ ಕಡಲ ತಡಿ ಎಂದೇ ಅರ್ಥವಂತೆ. ತಾವು ಹುಡುಗರಾಗಿದ್ದಾಗ ಮೊಣಕಾಲು ನೀರಿನಲ್ಲಿ ನಿಂತು ಮೀನು ಹಿಡಿದ ಜಾಗದಲ್ಲಿ ಈಗ ಮೊಮ್ಮಕ್ಕಳು ಐಸ್‌ಕ್ರೀಂ ತಿನ್ನುತ್ತಾರೆಂದರು. ಬಳಿಕ ನಾನು ಯಾರ ತಂದೆಯೆಂದು ಕೇಳಿದರು. ಜಾಹ್ನವಿ ಎಂದರೆ ಗಂಗಾನದಿಯೆಂದು ನಾನು ವಿವರಿಸಿದೆ.

“ಮಗಳಿಗೆ ನದಿಯ ಹೆಸರಿಟ್ಟಿದ್ದೀರಿ, ನೀರು ಹುಡುಕಿಕೊಂಡು ನನ್ನ ಮರಳಿಗೆ ಬಂದಿದ್ದೀರಿ,” ಎಂದರು. “ಪಂಡಿತ್‌ಜಿ, ನಿಮ್ಮಂಥವರನ್ನು ಬೊಂಬಾಯಿಯಲ್ಲಿಯೂ ನೋಡಿರಲಿಲ್ಲ.”

ಸಮುದ್ರವಿಲ್ಲದ ಸಮುದ್ರದ್ವಾರ

ರಜೆಯ ದಿನ ಅಳಿಯಂದಿರು ಹಳೆಯ ಪೇಟೆಗೆ ಕರೆದೊಯ್ದರು. ಅಲ್ಲಿ ಬಾಬ್ ಅಲ್ ಬಹ್ರೈನ್ ಎಂಬ ದೊಡ್ಡ ಕಮಾನಿದೆ. ಹಿಂದೆ ಹಡಗಿನಿಂದ ಇಳಿದವರು ಈ ಬಾಗಿಲಿನ ಮೂಲಕ ಊರನ್ನು ಪ್ರವೇಶಿಸುತ್ತಿದ್ದರೆಂದೂ, ಅಲೆಗಳು ಇದರ ಹತ್ತಿರಕ್ಕೇ ಬರುತ್ತಿದ್ದುವೆಂದೂ ಕೇಳಿದ್ದ ನಾನು, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿಕೊಂಡೇ ಕಾರಿನಿಂದ ಇಳಿದೆ. ಕಮಾನಿನ ಆಚೆ ಒಂದು ಚೌಕ, ಚೌಕದ ಆಚೆ ಹೆದ್ದಾರಿ, ಹೆದ್ದಾರಿಯ ಆಚೆ ಇನ್ನಷ್ಟು ಗೋಪುರಗಳು. ನಡುವೆ ಗಾಳಿಯ ಚಕ್ರಗಳನ್ನು ಕಟ್ಟಿಕೊಂಡ ಜೋಡಿ ಕಟ್ಟಡವೊಂದು ಹಾಯಿಗಳ ಆಕಾರದಲ್ಲಿ ನಿಂತಿತ್ತು. ಹಾಯಿ ಇದೆ, ದ್ವಾರ ಇದೆ, ಸಮುದ್ರವೊಂದೇ ಇಲ್ಲ. ಎತ್ತಿಕಟ್ಟಿದ ಪಂಚೆಯನ್ನು ಮೆಲ್ಲನೆ ಇಳಿಬಿಟ್ಟೆ.

ನಮ್ಮಲ್ಲಿ ಊರು ಬೆಳೆದರೆ ಹೊಲಗಳನ್ನು ತಿನ್ನುತ್ತದೆ. ಇಲ್ಲಿ ತಿನ್ನಲು ಹೊಲವಿಲ್ಲವಾಗಿ ಊರು ಸಮುದ್ರವನ್ನು ತಿಂದಿದೆ. ಮೊದಲು ಇವರನ್ನು ಸಾಕಿದ್ದು ಮುತ್ತು. ಜಪಾನಿನವರು ಮುತ್ತುಗಳನ್ನು ಸಾಕಿ ಬೆಳೆಸತೊಡಗಿದಾಗ ಆ ವ್ಯಾಪಾರ ಕುಸಿಯಿತು. ಸರಿಯಾಗಿ ಆ ಹೊತ್ತಿಗೆ ನೆಲದಡಿ ಎಣ್ಣೆ ದೊರೆಯಿತು. ಎಣ್ಣೆಯಿಂದ ಬಂದ ಹಣ ಮಣ್ಣಾಗಿ ಕಡಲಿಗೆ ಬಿದ್ದು, ಆ ಮಣ್ಣು ಗೋಪುರವಾಗಿ ಎದ್ದಿದೆ. ನೋಡುನೋಡುತ್ತಿದ್ದಂತೆ ದ್ವೀಪವೇ ದೊಡ್ಡದಾಗುತ್ತದೆಂದು ಅಳಿಯಂದಿರು ಹೆಮ್ಮೆಯಿಂದ ಹೇಳಿದರು. ಮಾಘಸ್ನಾನಕ್ಕೆ ಬಂದವನ ಪಾಲಿಗೆ ಅದು ಶುಭವಾರ್ತೆಯಾಗಿರಲಿಲ್ಲ.

ಪೇಟೆಯ ಗಲ್ಲಿಯೊಳಗೆ, ಜವಳಿ ಅಂಗಡಿಗಳ ನಡುವೆ, ಹಿಂದೆ ಸಿಂಧ್ ಕಡೆಯ ವರ್ತಕರು ಕಟ್ಟಿದ ಹಳೆಯ ಕೃಷ್ಣಮಂದಿರವೊಂದಿದೆ. ಹೂವಿನ ವಾಸನೆ ಮೂಗಿಗೆ ಬಡಿದಾಗ ಕಣ್ಣು ತೇವವಾಯಿತು. ಸ್ವಾಮಿಯ ಮುಂದೆ ನಿಂತು, ದ್ವಾರಕೆಯನ್ನು ಕಡಲಿಗೆ ಕೊಟ್ಟವನು ನೀನು, ಇವರು ಕಡಲನ್ನೇ ಊರಿಗೆ ಕೊಟ್ಟಿದ್ದಾರೆ, ನನಗೆ ಒಂದು ತಂಬಿಗೆ ಅಗಲದ ಜಾಗ ತೋರಿಸೆಂದು ಬೇಡಿಕೊಂಡೆ. ಹೊರಗೆ ಬಂದಾಗ ನನ್ನ ಚಪ್ಪಲಿ ಇರಲಿಲ್ಲ. ಪ್ರಾರ್ಥನೆ ಸಂದಿದೆಯೆಂಬುದಕ್ಕೆ ನಮ್ಮ ದೇವಾಲಯಗಳಲ್ಲಿಯೂ ಇದೇ ಗುರುತು.

ಬಾರ್ಬಾರಿನ ಕಲ್ಯಾಣಿ

ಹುಣ್ಣಿಮೆಯ ಹಿಂದಿನ ದಿನದವರೆಗೂ ಸಮುದ್ರ ಸಿಗಲಿಲ್ಲ. ಅಳಿಯಂದಿರು ತೋರಿಸಿದ ಒಂದು ಕಡೆ ಹೋಟೆಲಿನವರ ಗೋಡೆ, ಮತ್ತೊಂದು ಕಡೆ ಯಾರದೋ ಬಂಗಲೆಯ ಗೋಡೆ, ಮೂರನೆಯ ಕಡೆ ನೀರಿಗಿಂತ ಎತ್ತರಕ್ಕೆ ಪೇರಿಸಿದ ಚೂಪುಗಲ್ಲುಗಳು. ಆ ಕಲ್ಲುಗಳನ್ನು ಇಳಿದರೆ ಸ್ನಾನಕ್ಕಿಂತ ಮೊದಲು ಮೋಕ್ಷ ಖಚಿತವಾಗಿತ್ತು. ನಾನು ಬಂದು ಚಪ್ಪಲಿ ಬಿಡುವಾಗ ಜಾಹ್ನವಿ ನನ್ನ ತಂಬಿಗೆಯ ಕಡೆಗೆ ಒಮ್ಮೆ ನೋಡುತ್ತಿದ್ದಳು, ಅಷ್ಟೇ.

ಅಂದು ಬೆಳಗ್ಗೆ ಅಬೂ ಯೂಸುಫರು, ನೀರು ತೋರಿಸುತ್ತೇನೆ ಬನ್ನಿ ಎಂದು ತಮ್ಮ ಹಳೆಯ ಕಾರಿನಲ್ಲಿ ಪಶ್ಚಿಮಕ್ಕೆ ಕರೆದೊಯ್ದರು. ದಾರಿಯ ಎರಡು ಕಡೆ ಖರ್ಜೂರದ ತೋಟಗಳು, ಕೆಲವು ಹಸಿರು, ಹಲವು ಒಣಗಿದವು. ಹಿಂದೆ ಈ ದ್ವೀಪದಲ್ಲಿ ಅಗೆದಲ್ಲಿ ಚಿಲುಮೆ ಇತ್ತಂತೆ. ಮರಳುಗಾಡಿನ ನಡುವೆ ಹಡಗುಗಳು ಇಲ್ಲಿಗೆ ಬಂದು ನಿಲ್ಲುತ್ತಿದ್ದುದೇ ಆ ಸಿಹಿನೀರಿಗಾಗಿ. ಊರು ಬೆಳೆದಂತೆ ಪಂಪುಗಳು ಇಳಿದು, ಚಿಲುಮೆಗಳು ಒಂದೊಂದಾಗಿ ನಿಂತುಹೋದವು. ಬಹ್ರೈನ್ ಎಂದರೆ ಎರಡು ಕಡಲು. ಒಂದು ಮೇಲಿನ ಉಪ್ಪಿನದು, ಇನ್ನೊಂದು ನೆಲದಡಿಯ ಸಿಹಿಯದು ಎಂದು ತಮ್ಮ ತಂದೆ ಅರ್ಥ ಹೇಳುತ್ತಿದ್ದರೆಂದರು.

ಬಾರ್ಬಾರ್ ಎಂಬ ಹಳ್ಳಿಯಲ್ಲಿ ಕಾರು ನಿಂತಿತು. ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನದೆಂದು ವಿದ್ವಾಂಸರು ಹೇಳುವ ಒಂದು ದೇವಾಲಯದ ತಳಪಾಯ ಅಲ್ಲಿದೆ. ಮರಳಿನಡಿಯಿಂದ ತೆಗೆದ ಕಲ್ಲುಗಳ ನಡುವೆ ನಡೆದುಹೋದರೆ ಒಂದು ಮೂಲೆಯಲ್ಲಿ ಮೆಟ್ಟಿಲುಗಳು ಕೆಳಕ್ಕೆ ಇಳಿಯುತ್ತವೆ. ಇಳಿದಲ್ಲಿ ಅಚ್ಚುಕಟ್ಟಾದ ಕಲ್ಲಿನ ಕೊಳ. ಯಾರೂ ಹೇಳಬೇಕಾಗಲಿಲ್ಲ, ನಾನು ಚಪ್ಪಲಿ ಬಿಟ್ಟೆ. ಅದು ಕಲ್ಯಾಣಿ. ನಮ್ಮ ಯಾವ ದೇವಾಲಯದ ಮುಂದೆ ನಿಂತರೂ ಕಾಣುವ, ಇಳಿದು ಕೈಕಾಲು ತೊಳೆದು ದೇವರ ಕಡೆಗೆ ಏರುವ, ಅದೇ ಕಲ್ಯಾಣಿ. ಸಿಹಿನೀರಿನ ಅಧಿದೇವತೆಯೊಬ್ಬನನ್ನು ಇಲ್ಲಿ ಪೂಜಿಸುತ್ತಿದ್ದರೆಂದು ಊಹೆಯಂತೆ.

ನನಗೆ ಒಡನೆಯೇ ಪಾಂಡಿತ್ಯ ಉಕ್ಕಿತು. ವರುಣನಿಂದ ಆರಂಭಿಸಿ, ಈ ದೇವಾಲಯಕ್ಕೂ ನಮ್ಮ ಪೂರ್ವಿಕರಿಗೂ ಇರಬಹುದಾದ ಸಂಬಂಧವನ್ನು ನನ್ನ ಹಿಂದಿಯಲ್ಲಿ ಸ್ಥಾಪಿಸತೊಡಗಿದೆ. ಅಬೂ ಯೂಸುಫರು ತಾಳ್ಮೆಯಿಂದ ಕೇಳಿ, “ಪಂಡಿತ್‌ಜಿ, ಇವರು ನಿಮಗೂ ಮೊದಲಿನವರು, ನಮಗೂ ಮೊದಲಿನವರು. ಇವರನ್ನು ಇವರಷ್ಟಕ್ಕೆ ಬಿಟ್ಟುಬಿಡಿ” ಎಂದರು. ನಾನು ಬಿಟ್ಟೆ.

ಕಲ್ಯಾಣಿಯಲ್ಲಿ ನೀರಿರಲಿಲ್ಲ. ತಳದ ಮರಳಿನಲ್ಲಿ ಯಾರೋ ಎಸೆದ ಒಂದು ಖಾಲಿ ನೀರಿನ ಬಾಟಲಿ ಬಿದ್ದಿತ್ತು. ತಂಬಿಗೆಯನ್ನು ಹಿಡಿದುಕೊಂಡು ಅದರ ಅಂಚಿನಲ್ಲಿ ನಿಂತಾಗ ನನ್ನ ಹನ್ನೆರಡನೆಯ ಮಾಘ ಇಲ್ಲಿಗೆ ನಿಂತಿತೆಂದೇ ತೋರಿತು. ನನ್ನ ಮುಖವನ್ನು ನೋಡಿ ಅವರು, ಇದು ಯಾರ ಹರಕೆಯೆಂದು ಮೊದಲ ಬಾರಿಗೆ ಕೇಳಿದರು. ಹೇಳಿದೆ. ಅವರೂ ಹೆಂಡತಿಯನ್ನು ಕಳೆದುಕೊಂಡವರು.

ಬಳಿಕ ತಮ್ಮ ತಂದೆಯ ಹಳ್ಳಿಯ ಕಡಲಂಚಿಗೆ ಇನ್ನೂ ಗೋಡೆ ಬಂದಿಲ್ಲವೆಂದರು. ಅಲ್ಲಿ ದಡದಿಂದ ದೂರ, ಕಡಲಿನ ತಳದಲ್ಲಿಯೇ ಒಂದು ಸಿಹಿನೀರಿನ ಚಿಲುಮೆ ಇತ್ತಂತೆ. ಐನ್ ಮರ್ಯಮ್ ಎಂದು ಅದರ ಹೆಸರು. ಮುತ್ತು ತೆಗೆಯುವವರು ತೊಗಲಿನ ಚೀಲ ಹಿಡಿದು ಉಪ್ಪುನೀರಿನೊಳಗೆ ಮುಳುಗಿ, ತಳದಿಂದ ಕುಡಿಯುವ ನೀರನ್ನು ತುಂಬಿ ತರುತ್ತಿದ್ದರಂತೆ. “ಆದರೆ ನಾಳೆ ಬೆಳಗ್ಗೆ ಬೇಡ. ಹುಣ್ಣಿಮೆ. ನೀರು ದೂರಕ್ಕೆ ಹೋಗಿರುತ್ತದೆ. ಮಧ್ಯಾಹ್ನ ಹೋಗೋಣ” ಎಂದರು.

ನಾನು ನಕ್ಕುಬಿಟ್ಟೆ. ಹುಣ್ಣಿಮೆಯ ಚಂದ್ರನನ್ನು ಕಂಡು ಕಡಲು ಉಕ್ಕುತ್ತದೆ. ಸಂಸ್ಕೃತದ ಯಾವ ಕಾವ್ಯವನ್ನು ತೆರೆದರೂ ಈ ಸಂಗತಿ ಉಪಮೆಯಾಗಿಯೋ ಉತ್ಪ್ರೇಕ್ಷೆಯಾಗಿಯೋ ದೊರೆಯುತ್ತದೆ. ಕಡಲಿನ ಬಗ್ಗೆ ತಮಗೆ ತಿಳಿದಿರಬಹುದು, ಹುಣ್ಣಿಮೆಯ ಬಗ್ಗೆ ನಮ್ಮ ಕವಿಗಳ ಮಾತೇ ಪ್ರಮಾಣವೆಂದು ಹೇಳಿ, ಸೂರ್ಯೋದಯಕ್ಕೆ ಮುನ್ನವೇ ಆಗಬೇಕೆಂದು ಹಟ ಹಿಡಿದೆ. ಅವರು ಭುಜ ಕುಣಿಸಿ, ಹಾಗೆಯೇ ಆಗಲಿ ಎಂದರು.

ಹುಣ್ಣಿಮೆಯ ಕಡಲು

ಅಳಿಯಂದಿರಿಗೆ ಪಾಳಿಯ ಕೆಲಸವಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಬಂದ ಜಾಹ್ನವಿ, ಅರಿಸಿನ ಕುಂಕುಮದ ಪೊಟ್ಟಣವನ್ನು ಕೈಗಿತ್ತು, “ಅಪ್ಪಾ, ಸಂಕಲ್ಪದಲ್ಲಿ ಅಮ್ಮನ ಹೆಸರು ಹೇಳೋದು ಮರೀಬೇಡ” ಎಂದಳು. ಸಂಸಾರ ಮಾಡಿದ ಅಷ್ಟು ವರ್ಷಗಳಲ್ಲಿ ನಾನು ಆಕೆಯ ಹೆಸರನ್ನು ಬಾಯಿಬಿಟ್ಟು ಕರೆದವನಲ್ಲವೆಂಬುದು ಮಗಳಿಗೆ ಗೊತ್ತಿತ್ತು.

ದಡಕ್ಕೆ ಬಂದಾಗ ಮೂಡಣದಲ್ಲಿ ಬೆಳಕು ಇನ್ನೂ ಸರಿಯಾಗಿ ಒಡೆದಿರಲಿಲ್ಲ. ಪಡುವಣದಲ್ಲಿ ಚಂದ್ರ ದೊಡ್ಡ ಹಿತ್ತಾಳೆಯ ಹರಿವಾಣದಂತೆ ಇಳಿಯುತ್ತಿದ್ದ. ಕವಿಗಳು ಹೇಳಿದ ಚಂದ್ರನೇ, ಸಂದೇಹವಿಲ್ಲ. ಅವನ ಕೆಳಗೆ ಉಕ್ಕಬೇಕಾಗಿದ್ದ ಕಡಲು ಮಾತ್ರ ಇರಲಿಲ್ಲ. ಕಣ್ಣು ಹರಿಯುವಷ್ಟು ದೂರ ಒದ್ದೆ ಮರಳು, ಕೆಸರು, ಅಲ್ಲಲ್ಲಿ ವಾಲಿಕೊಂಡು ಕುಳಿತ ದೋಣಿಗಳು. ಉಕ್ಕಿದ್ದು ಇಳಿಯಲೂ ಬೇಕೆಂಬುದನ್ನು, ಹೆಚ್ಚು ಉಕ್ಕಿದ್ದು ಹೆಚ್ಚು ಇಳಿಯುತ್ತದೆಂಬುದನ್ನು ಯಾವ ಕವಿಯೂ ನನಗೆ ಹೇಳಿರಲಿಲ್ಲ. ಅಥವಾ ನಾನೇ ಆ ಸರ್ಗವನ್ನು ಓದಿರಲಿಲ್ಲ.

ಅಬೂ ಯೂಸುಫರು ಹೀಗಳೆಯಲಿಲ್ಲ. ಮರಳಿನ ಮೇಲೆ ಒಂದು ಚಾಪೆ ಹಾಸಿ, ತಮ್ಮ ಬೆಳಗಿನ ನಮಾಜನ್ನು ಮುಗಿಸಿದರು. ಆಮೇಲೆ ಚಾಪೆ ಸುತ್ತುತ್ತ ಕೇಳಿದರು: “ಪಂಡಿತ್‌ಜಿ, ಆ ಕವಿಗಳು ಯಾವ ಊರಿನವರು?”

“ಒಬ್ಬೊಬ್ಬರು ಒಂದೊಂದು ಕಡೆಯವರು,” ಎಂದೆ. “ಹೆಚ್ಚಿನವರು ಕಡಲಿನಿಂದ ದೂರ.”

“ಹಾಗೆಯೇ ಅಂದುಕೊಂಡೆ,” ಎಂದು ಅವರು ನಿಲುವಂಗಿಯನ್ನು ಎತ್ತಿಕಟ್ಟಿ, ನನ್ನ ಒಣಪಂಚೆಯನ್ನೂ ಶಾಲನ್ನೂ ಹೆಗಲಿಗೆ ಹಾಕಿಕೊಂಡು ಕೆಸರಿಗೆ ಇಳಿದರು. ನಾನು ಹಿಂದೆ ನಡೆದೆ. ಹೊಸದಾಗಿ ಕೊಂಡ ಚಪ್ಪಲಿಯಲ್ಲಿ ಒಂದನ್ನು ಕೆಸರು ನುಂಗಿತು. ಇನ್ನೊಂದನ್ನು ನಾನೇ ಅದಕ್ಕೆ ಜೊತೆಯಾಗಿ ಬಿಟ್ಟೆ. ಇಬ್ಬರು ಮುದುಕರು ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ಕಡಲನ್ನು ಬೆನ್ನಟ್ಟಿ ಹೋಗುವ ಆ ದೃಶ್ಯವನ್ನು ವಾಲಿದ ದೋಣಿಗಳ ಮೇಲಿನ ಹಕ್ಕಿಗಳು ಮಾತ್ರ ನೋಡಿದವು.

ಬಹುದೂರ ನಡೆದ ಮೇಲೆ ನೀರು ಸಿಕ್ಕಿತು. ಅಲ್ಲಿ ವೃತ್ತಾಕಾರವಾಗಿ ಇಟ್ಟಂತಿದ್ದ ಕೆಲವು ಕಲ್ಲುಗಳನ್ನು ತೋರಿಸಿ ಅವರು, ಐನ್ ಮರ್ಯಮ್ ಇದೇ ಎಂದರು. ನೀರು ಇಷ್ಟು ದೂರ ಹೋಗಿರದಿದ್ದರೆ ಇಲ್ಲಿಗೆ ನಡೆದು ಬರಲಾಗುತ್ತಿರಲಿಲ್ಲವಂತೆ. ನಾನು ಬಗ್ಗಿ ಬೊಗಸೆಯಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿಕೊಂಡೆ. ಉಪ್ಪು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ತಿರುಗಿ ಹತ್ತಿರದ ಮರಳದಿಬ್ಬದ ಮೇಲೆ ಹೋಗಿ ನಿಂತರು.

ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ಅರಿಸಿನ ಕುಂಕುಮವನ್ನು ಬಿಟ್ಟು, ಕೈಮುಗಿದು, ದೇಶಕಾಲಗಳನ್ನು ತೋಚಿದಂತೆ ಹೇಳಿ, ‘ಮಮ ಧರ್ಮಪತ್ನ್ಯಾಃ’ ಎಂಬಲ್ಲಿಗೆ ಬಂದೆ. ಒಂದು ಕ್ಷಣ ತಡವಾಯಿತು. ಬಳಿಕ ಕಮಲಾ ಎಂದೆ. ಹೆಸರು ಆ ಬಯಲಿನಲ್ಲಿ ನಾನು ಅಂದುಕೊಂಡುದಕ್ಕಿಂತ ಗಟ್ಟಿಯಾಗಿ ಕೇಳಿಸಿತು.

ನದಿಗಳನ್ನು ಕರೆಯತೊಡಗಿದೆ. ದಿಬ್ಬದ ಮೇಲಿಂದ ಅವರು, ಯಾರನ್ನು ಕರೆಯುತ್ತಿದ್ದೀರೆಂದು ಕೇಳಿದರು. ನೀರುಗಳನ್ನು ಎಂದೆ. “ಹಾಗಾದರೆ ನಮ್ಮದೂ ಒಂದನ್ನು ಸೇರಿಸಿ. ನಿಮಗೇನು ಖರ್ಚು?” ಎಂದರು. ತಮಾಷೆಯಂತೆಯೇ ಹೇಳಿದರು, ಆದರೆ ಕಲ್ಲುಗಳ ಕಡೆಗೆ ನೋಡುತ್ತ ಹೇಳಿದರು. ಏಳು ನದಿಗಳು ಬಂದವು. ಎಂಟನೆಯವಳಾಗಿ ತುಂಗಭದ್ರೆ ಬಂದಳು. ಒಂಬತ್ತನೆಯವಳಾಗಿ ಐನ್ ಮರ್ಯಮ್. ಛಂದಸ್ಸು ಪೂರ್ತಿಯಾಗಿ ಮುರಿದುಬಿತ್ತು. ಮೆಟ್ಟಿಲಿನ ಮೇಲೆ ನಿಂತು ತಿದ್ದುವವರು ಯಾರೂ ಇರಲಿಲ್ಲ.

ನಿಂತು ಮುಳುಗುವಷ್ಟು ನೀರಿಲ್ಲವಾಗಿ ಕುಳಿತೆ. ಕುಳಿತರೂ ಸಾಲದೆ, ಎಮ್ಮೆಯಂತೆ ಮಗ್ಗುಲಾಗಿ ಮಲಗಿ ತಲೆಯನ್ನು ಅದ್ದಿದೆ. ಜುಟ್ಟಿನಲ್ಲಿ ಮರಳು, ಕಿವಿಯಲ್ಲಿ ಮರಳು. ಚಳಿ ಎಲುಬಿಗೆ ಇಳಿಯಿತು. ಪೂರ್ವ ಕೆಂಪಾಗುತ್ತಿತ್ತು. ಮೂರು ಮುಳುಗು ಮುಗಿಸಿ ಎದ್ದು ಕುಳಿತಾಗ ಹಿಂದಿನಿಂದ ಗೊಣಗು ಕೇಳಿಸಿತು.

“ಆಯಿತೇ ಪಂಡಿತ್‌ಜಿ? ಚಳಿ, ಬೇಗ ಮೇಲೆ ಬನ್ನಿ.”

ತಿರುಗಿ ನೋಡಿದೆ. ಒಣಬಟ್ಟೆಯನ್ನು ಎದೆಗವಚಿಕೊಂಡು, ಗಾಳಿಗೆ ಬೆನ್ನುಮಾಡಿ, ಕಾಲು ಬದಲಿಸುತ್ತ ಅವರು ನಿಂತಿದ್ದರು. ಆ ನಿಲುವನ್ನು ನಾನು ಬಲ್ಲೆ.

“ಇನ್ನೊಂದು ಮುಳುಗು,” ಎಂದೆ ಕನ್ನಡದಲ್ಲಿಯೇ.

ಅವರಿಗೆ ಮಾತು ತಿಳಿಯಲಿಲ್ಲ. ಆದರೂ ಕಾದರು. ನಾನು ಎರಡು ಮುಳುಗಿದೆ.